ಕಂಬದ ಗೊಂಬೆಯೆದುರು ಒಂಟಿ ದನಿ: 'ನಾಗಮಂಡಲ'ದ ಒಂದು ಹಾಡು

ಚಲನಚಿತ್ರಗೀತೆಯನ್ನು ಜಾನಪದ ಅಧ್ಯಯನ ಬಹುಕಾಲ ಹೊರಗಿಟ್ಟೇ ನೋಡಿದೆ. ಆದರೆ ಟಿ.ಎಸ್. ನಾಗಾಭರಣರು ನಿರ್ದೇಶಿಸಿದ 'ನಾಗಮಂಡಲ'ದ (1997) 'ಕಂಬದ ಮ್ಯಾಲಿನ ಗೊಂಬಿಯೆ' ಹಾಡನ್ನು ಹಾಗೆ ಹೊರಗಿಡುವುದು ಕಷ್ಟ. ಗೋಪಾಲ ಯಾಜ್ಞಿಕರು ಬರೆದು, ಸಿ. ಅಶ್ವಥ್ ಸಂಗೀತ ನೀಡಿ, ಸಂಗೀತಾ ಕಟ್ಟಿ ಹಾಡಿದ ಈ ರಚನೆಯನ್ನು ಜನಪದ ಗೀತೆಯೆಂದೇ ಭಾವಿಸಿದವರು ಹಲವರು. ಈ ಭಾವನೆಯ ಸತ್ಯಾಸತ್ಯತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎ.ಕೆ. ರಾಮಾನುಜನ್ ಅವರಿಂದ ತಿಳಿದ ಜನಪದ ಕಥೆಗಳ ಆಧಾರದ ಮೇಲೆ ಗಿರೀಶ ಕಾರ್ನಾಡರು ರಚಿಸಿದ ನಾಟಕವೇ ಈ ಚಿತ್ರದ ಮೂಲ. ನಾಯಕಿ ರಾಣಿಯನ್ನು ಮನೆಯೊಳಗೆ ಕೂಡಿಹಾಕುವ ಗಂಡ ಹಗಲು ಊಟಕ್ಕಷ್ಟೇ ಬರುತ್ತಾನೆ. ಇರುಳಲ್ಲಿ ಅವನ ರೂಪ ತಳೆದ ನಾಗ ಒಲವು ತೋರುತ್ತದೆ. ಹಗಲಿನ ಕ್ರೌರ್ಯ, ಇರುಳಿನ ಅಕ್ಕರೆ ಇವೆರಡರಲ್ಲಿ ನಿಜ ಯಾವುದೆಂದು ಕೇಳಲು ಅವಳಿಗೆ ಮನುಷ್ಯರಿಲ್ಲ. ಆದ್ದರಿಂದ ಕಂಬದ ಗೊಂಬೆಯನ್ನು ಕೇಳುತ್ತಾಳೆ. ಅದರ ನಗೆಯನ್ನಾದರೂ ನಂಬಬಹುದೇ ಎಂದು ಶಂಕಿಸುತ್ತಾಳೆ.

ಮೂಕವಸ್ತುವಿನೊಡನೆ ಮಾತಾಡುವುದು ನಮ್ಮ ಮೌಖಿಕ ಪರಂಪರೆಯ ಹಳೆಯ ಆಶಯ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದ ಲೋಕದಲ್ಲಿ ಬೀಸುವ ಕಲ್ಲು ಹೆಣ್ಣಿನ ಒಡನಾಡಿ. ರಾಮಾನುಜನ್ ಸಂಪಾದಿಸಿದ ತಮಿಳು ಕಥೆಯೊಂದರಲ್ಲಿ ಸೊಸೆಯರಿಂದ ನೊಂದ ಮುದುಕಿ ಪಾಳುಮನೆಯ ಗೋಡೆಗಳಿಗೆ ತನ್ನ ದುಃಖ ಹೇಳಿಕೊಳ್ಳುತ್ತಾಳೆ. ಕೇಳಿದ ಗೋಡೆಗಳು ಒಂದೊಂದಾಗಿ ಕುಸಿಯುತ್ತವೆ, ಅವಳ ಎದೆ ಹಗುರಾಗುತ್ತದೆ. ಕಲ್ಲು ಹಿಟ್ಟು ಕೊಡುತ್ತದೆ, ಗೋಡೆ ಭಾರ ಹೊರುತ್ತದೆ. ಎರಡೂ ಕಡೆ ವಸ್ತು ಓಗೊಡುತ್ತದೆ.

ಗೊಂಬೆ ಮಾತ್ರ ಓಗೊಡುವುದಿಲ್ಲ. ಅದರ ನಗೆ ಶಿಲ್ಪಿ ಕೆತ್ತಿದ್ದು. ಅಳುವವರಿಗೂ ನಗುವವರಿಗೂ ಒಂದೇ. ಈ ಹಾಡಿನ ವಿಷಾದ ಹುಟ್ಟುವುದು ಇಲ್ಲಿಯೇ. ರಾಣಿ ಕಷ್ಟವನ್ನು ದೂರುತ್ತಿಲ್ಲ, ಕೈಗೆ ಬಂದ ಸುಖವನ್ನು ನಂಬಲಾರದೆ ತಳಮಳಿಸುತ್ತಾಳೆ. ಸಂದೇಹಗ್ರಸ್ತವಾದ ಸುಖ ದುಃಖಕ್ಕಿಂತ ಭಾರ. ಉತ್ತರ ಕರ್ನಾಟಕದ ಮಾತಿನ ಲಯ ಈ ಭಾರವನ್ನು ಅಬ್ಬರವಿಲ್ಲದೆ ಹೊರುತ್ತದೆ.

ಜೊಯಿಡಾದಂಥ ನೆಲದಿಂದ ಕೇಳಿದಾಗ ಮತ್ತೊಂದು ಅಂಶ ಸ್ಪಷ್ಟವಾಗುತ್ತದೆ. ಇಲ್ಲಿನ ಕುಣಬಿ ಹೆಂಗಸರ ಮನೆಮಾತು ಕೊಂಕಣಿ. ಅವರ ಫುಗಡಿಯಲ್ಲಿ ಹಾಡು ಸುತ್ತು ನಿಂತವರೆಲ್ಲರದು. ರಾಣಿಯ ಹಾಡಿಗೆ ಅಂಥ ಸುತ್ತು ಇಲ್ಲ. ಅವಳಿಗೆ ಉಳಿದಿರುವುದು ಮನೆಯೊಂದೇ. ಆ ಮನೆಯೂ ಇಲ್ಲವಾದರೆ? ಕಾಳಿ ನದಿಯ ಅಣೆಕಟ್ಟೆಯಿಂದ ಮುಳುಗಡೆಯಾದ ಹಳೆಯ ಸೂಪಾದ ಜನ ಈ ಪ್ರಶ್ನೆಯನ್ನು ಬದುಕಿನಲ್ಲಿಯೇ ಎದುರಿಸಿದವರು. ಅವರ ಮಾತು ಕೇಳಿದ ಕಂಬಗಳು ನೀರಿನಡಿ ಸೇರಿದವು.

ಹೀಗಾಗಿ ಈ ರಚನೆ ಜನಪದ ಆಶಯವನ್ನು ಪಡೆದು, ಅದರೊಳಗಿನ ಸಾಂತ್ವನವನ್ನು ಕಳಚಿದೆ. ಇದು ಅನುಕರಣೆಯಲ್ಲ, ಕವಿಯೊಬ್ಬನ ಪ್ರಜ್ಞಾಪೂರ್ವಕ ಸೃಷ್ಟಿ. ಇದನ್ನು ಜನಪದ ಗೀತೆಯೆಂದು ಕರೆಯುವುದು ಮೆಚ್ಚುಗೆಯಂತೆ ಕಂಡರೂ ಬರೆದವರ ಹೆಸರನ್ನು ಅಳಿಸುತ್ತದೆ. ಅನಾಮಿಕತೆ ಗರತಿಯರ ಹಾಡಿಗೆ ಸಹಜ. ಗೋಪಾಲ ಯಾಜ್ಞಿಕರಿಗೆ ಅದು ಅನ್ಯಾಯ.