ಕೃಪೆಯ ಲೆಕ್ಕ ಇಟ್ಟವನು

ಜಾನ್ ಬನ್ಯನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'. 19ನೇ ಶತಮಾನದಲ್ಲೇ ಅದು 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂತು. ಇಂಗ್ಲಿಷಿನಲ್ಲಿ ಅದು ಅಚ್ಚಾದದ್ದು 1678ರಲ್ಲಿ. ಅದಕ್ಕೂ 12 ವರ್ಷ ಮೊದಲು, ಪರವಾನಗಿಯಿಲ್ಲದೆ ಧರ್ಮಬೋಧೆ ಮಾಡಿದ್ದಕ್ಕೆ ಬೆಡ್‌ಫರ್ಡಿನ ಸೆರೆಮನೆ ಸೇರಿದ್ದಾಗ, ಅವನು ತನ್ನ ಆತ್ಮಕಥೆಯನ್ನು ಪ್ರಕಟಿಸಿದ. 'ಗ್ರೇಸ್ ಅಬೌಂಡಿಂಗ್ ಟು ದಿ ಚೀಫ್ ಆಫ್ ಸಿನ್ನರ್ಸ್' ಎಂಬ ಹೆಸರಿನ ತಾತ್ಪರ್ಯ, ಪಾಪಿಗಳಲ್ಲಿ ಮೊದಲಿಗನಿಗೂ ಕೃಪೆ ಧಾರಾಳವಾಗಿ ಸಿಕ್ಕಿತು ಎಂದು. ಆದರೆ ಪುಸ್ತಕದ ಉದ್ದಕ್ಕೂ ಕೃಪೆಗಿಂತ ಹೆಚ್ಚು ಕಾಣುವುದು ಭಯ. ಒಂದು ಪ್ಯಾರಾದಲ್ಲಿ ಸಮಾಧಾನ, ಮುಂದಿನದರಲ್ಲಿ ಮತ್ತೆ ಕುಸಿತ. ಓದುಗರಿಗೆ ಬೇಸರ ತರಿಸುವ ಈ ಸುತ್ತಾಟವೇ ಪುಸ್ತಕದ ದೊಡ್ಡ ಗುಣ ಎಂಬುದು ನನ್ನ ವಾದ.

ಬನ್ಯನ್ 1628ರಲ್ಲಿ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ತೂತುಬಿದ್ದ ಪಾತ್ರೆಗಳನ್ನು ರಿಪೇರಿ ಮಾಡುವ ಕಸುಬಿನವನು. ದೇವರ ಮೆಚ್ಚುಗೆ ಗಳಿಸಲು ಅವನು ಮೊದಲು ಹಿಡಿದ ದಾರಿ ನಡತೆಯದ್ದು. ಬೈಗುಳ ಬಿಟ್ಟ. ಇಷ್ಟದ ಹವ್ಯಾಸವಾದ ಚರ್ಚಿನ ಗಂಟೆ ಬಾರಿಸುವುದನ್ನೂ ಬಿಟ್ಟ. ಆದರೂ ನೋಡುವ ಆಸೆ ಹೋಗಲಿಲ್ಲ. ಗಂಟೆ ತಲೆಯ ಮೇಲೆ ಬಿದ್ದರೆ? ತೊಲೆಯ ಕೆಳಗೆ ನಿಂತ. ಬಿದ್ದ ಗಂಟೆ ಗೋಡೆಗೆ ಬಡಿದು ಇತ್ತಲೇ ಸಿಡಿದರೆ? ಬಾಗಿಲಿಗೆ ಸರಿದ. ಗೋಪುರವೇ ಕುಸಿದರೆ? ಓಡಿಹೋದ. ನಗು ಬರಿಸುವ ಈ ಪ್ರಸಂಗದಲ್ಲಿ ಕಳವಳದ ಸ್ವಭಾವವೇ ಇದೆ. ಎಷ್ಟು ಹಿಂದೆ ಸರಿದರೂ ಅದಕ್ಕೆ ಸಾಕಾಗುವಷ್ಟು ದೂರ ಎಂಬುದಿಲ್ಲ.

ಮುಂದೆ ಬೆಡ್‌ಫರ್ಡಿನಲ್ಲಿ ಮೂರು ನಾಲ್ಕು ಬಡ ಹೆಂಗಸರು ಬಾಗಿಲ ಬಳಿ ಬಿಸಿಲು ಕಾಯಿಸುತ್ತಾ ದೇವರ ವಿಷಯ ಮಾತಾಡುವುದು ಅವನ ಕಿವಿಗೆ ಬೀಳುತ್ತದೆ. ಒಳ್ಳೆಯ ನಡತೆಯಿಂದ ರಕ್ಷಣೆಯಿಲ್ಲ, ಅದು ಕೃಪೆಯಿಂದ ಮಾತ್ರ ಎಂಬುದು ಆಗ ಅವನಿಗೆ ನಿಧಾನಕ್ಕೆ ತಿಳಿಯತೊಡಗುತ್ತದೆ. ಭಯ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಜಾಗ ಬದಲಿಸುತ್ತದೆ. ಕೃಪೆ ಪುಕ್ಕಟೆಯೇ ಸರಿ, ಅದನ್ನು ಪಡೆಯುವ ನಂಬಿಕೆ ನನ್ನಲ್ಲಿದೆಯೇ? ಪರೀಕ್ಷಿಸಲು, ದಾರಿಯ ಕೊಚ್ಚೆಗುಂಡಿಗಳಿಗೆ ಒಣಗಿಹೋಗಿ ಎಂದು ಆಜ್ಞೆ ಮಾಡೋಣವೆಂದುಕೊಳ್ಳುತ್ತಾನೆ. ಬಾಯಿ ತೆರೆಯುವಷ್ಟರಲ್ಲಿ, ಮೊದಲು ಬೇಲಿಯ ಮರೆಯಲ್ಲಿ ಪ್ರಾರ್ಥಿಸಬೇಕು ಅನ್ನಿಸುತ್ತದೆ. ಪ್ರಾರ್ಥಿಸಿಯೂ ನೀರು ಆರದಿದ್ದರೆ ತನ್ನ ಕಥೆ ಮುಗಿದಂತೆ ಎಂದು ಹೆದರಿ, ಪರೀಕ್ಷೆಯನ್ನೇ ಮುಂದಕ್ಕೆ ಹಾಕುತ್ತಾನೆ.

ನಮ್ಮ ಶ್ರೀವೈಷ್ಣವ ಚರ್ಚೆಗಳಲ್ಲಿ ಬರುವ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳು ಇಲ್ಲಿ ನೆನಪಾಗುತ್ತವೆ. ಕೋತಿಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಅವುಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಬನ್ಯನ್, ತಾಯಿಯ ಬಾಯಲ್ಲಿದ್ದೂ ತನ್ನ ಹಿಡಿತ ಸಡಿಲವಾಯಿತೇನೋ ಎಂದು ನಡುಗುವ ಬೆಕ್ಕಿನ ಮರಿ.

ವಿಲಿಯಂ ಜೇಮ್ಸ್ 1902ರ ತನ್ನ ಪ್ರಸಿದ್ಧ ಗ್ರಂಥ 'ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯೆನ್ಸ್'ನಲ್ಲಿ ಬನ್ಯನ್‌ನನ್ನು ರೋಗಗ್ರಸ್ತ ಆತ್ಮಕ್ಕೆ ಉದಾಹರಣೆಯಾಗಿ ನೋಡುತ್ತಾನೆ. ಅದರಲ್ಲಿ ಹುರುಳಿದೆ. ಆದರೆ ಎಲ್ಲವನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದರೆ ಅವನು ಎತ್ತುವ ಪ್ರಶ್ನೆ ಕೈತಪ್ಪುತ್ತದೆ. ಪುಕ್ಕಟೆ ಕೊಟ್ಟದ್ದನ್ನು ಪಡೆಯುವುದೂ ಒಂದು ಕೆಲಸವಾಗಿಬಿಟ್ಟರೆ, ಅದು ಪುಕ್ಕಟೆಯಾಗಿ ಉಳಿಯುತ್ತದೆಯೇ? ಈ ಪ್ರಶ್ನೆ ಕೇಳಲು ಕಾಯಿಲೆ ಬೇಕಿಲ್ಲ.

ಉತ್ತರ ಅವನಿಗೆ ಸಿಗುವುದು ಹೊಲದಲ್ಲಿ ನಡೆದು ಹೋಗುವಾಗ. ತನ್ನ ನೀತಿ ತನ್ನೊಳಗಿಲ್ಲ, ಸ್ವರ್ಗದಲ್ಲಿ ಕ್ರಿಸ್ತನಲ್ಲಿದೆ ಎಂದು ಅವನಿಗೆ ಹೊಳೆಯುತ್ತದೆ. ಹಾಗಾದರೆ ಮನಸ್ಸು ಹಗುರವಿದ್ದ ದಿನ ಅದು ಹೆಚ್ಚುವುದಿಲ್ಲ, ಕೆಟ್ಟ ದಿನ ಕಡಿಮೆಯಾಗುವುದೂ ಇಲ್ಲ. ಕೃಪೆ ಎಂದರೆ ನೆಮ್ಮದಿಯ ಅನುಭವವಲ್ಲ. ಒಳಗನ್ನು ಅಳೆಯುತ್ತಾ ಕೂರುವ ಕೆಲಸದಿಂದ ಬಿಡುಗಡೆ. ಇಡೀ ಪುಸ್ತಕದ ತಿರುಳು ಇದೇ ಎನ್ನಬಹುದು.

ಬೇರೆ ಯಾರಾದರೂ ಇಲ್ಲಿಗೆ ಕಥೆ ಮುಗಿಸುತ್ತಿದ್ದರು. ಬನ್ಯನ್ ಮನೆಗೆ ಬಂದು, ಹೊಲದಲ್ಲಿ ಹೊಳೆದ ಆ ಮಾತನ್ನು ಬೈಬಲ್ಲಿನಲ್ಲಿ ಹುಡುಕುತ್ತಾನೆ. ಅದು ಅಲ್ಲಿಲ್ಲ! ಎದೆ ಮತ್ತೆ ಕುಸಿಯುತ್ತದೆ. ಅದೇ ಅರ್ಥದ ಪೌಲನ ವಚನವೊಂದು ನೆನಪಾದ ಮೇಲೆ ತುಸು ಚೇತರಿಕೆ. ಕೊನೆಗೆ ಬಂದರೂ, ಈಗಲೂ ತನ್ನೊಳಗಿರುವ ಏಳು ಹೊಲಸುಗಳನ್ನು ಪಟ್ಟಿ ಮಾಡಿಯೇ ಪೆನ್ನು ಕೆಳಗಿಡುತ್ತಾನೆ. ಪುಸ್ತಕದ ಪ್ಯಾರಾಗಳಿಗೆಲ್ಲ ಸಂಖ್ಯೆಗಳಿವೆ, 300ಕ್ಕೂ ಹೆಚ್ಚು. ಲೆಕ್ಕ ಬಿಡಬೇಕೆಂದು ಕಲಿತವನೇ ಲೆಕ್ಕದ ಪುಸ್ತಕ ಬರೆದಂತೆ ಕಾಣುತ್ತದೆ.

ಇದನ್ನು ಅವನ ಸೋಲು ಎಂದು ಓದಬಹುದು. ನಾನು ಹಾಗೆ ಓದಲಾರೆ. ಅವನು ಬರೆದದ್ದು ಸೆರೆಮನೆಯಿಂದ, ತಾನು ನೋಡಲಾಗದ ತನ್ನ ಸಭೆಯವರಿಗಾಗಿ. ಅವರಿಗೆ ಕಲೆಯಿಲ್ಲದ ಗೆಲುವಿನ ಕಥೆ ಕಳಿಸಿದ್ದರೆ ಏನಾಗುತ್ತಿತ್ತು? ಅವನಿಗೆ ಬಂದ ಶಾಂತಿ ನನಗೇಕೆ ಬಂದಿಲ್ಲ ಎಂದು ಅವರು ಕೊರಗುತ್ತಿದ್ದರು. ಬನ್ಯನ್‌ನ ಬದುಕೇ ಅವರ ಹೊಸ ಕೊಚ್ಚೆಗುಂಡಿ ಪರೀಕ್ಷೆಯಾಗುತ್ತಿತ್ತು. ಕುಸಿದದ್ದನ್ನೂ ಮತ್ತೆ ಮತ್ತೆ ಕುಸಿದದ್ದನ್ನೂ ಮುಚ್ಚಿಡದೆ ಬರೆದು, ಅವನು ಆ ಪರೀಕ್ಷೆಯನ್ನು ತಪ್ಪಿಸಿದ. ಬೆಡ್‌ಫರ್ಡಿನ ಆ ಹೆಂಗಸರೂ ತಮ್ಮ ಗೆಲುವನ್ನು ಹೇಳಿಕೊಳ್ಳುತ್ತಿರಲಿಲ್ಲ. ಬಿಸಿಲಲ್ಲಿ ಕೂತು, ತಮ್ಮ ದುರ್ಬಲ ನಂಬಿಕೆಯ ಬಗ್ಗೆ ಸಂತೋಷದಿಂದ ಮಾತಾಡುತ್ತಿದ್ದರು.