ಸಂಪತ್ತಿನ ಗಣತಿ ಮತ್ತು ದೇವರ ಪ್ರತಿರೂಪ

ರಾಷ್ಟ್ರದ ಏಳಿಗೆಯನ್ನು ಒಟ್ಟು ದೇಶೀಯ ಉತ್ಪನ್ನದಿಂದ ಅಳೆಯುವುದು ಬಹುಕಾಲದ ರೂಢಿ. ಆ ಅಳತೆ ವರ್ಷದ ಉತ್ಪಾದನೆಯನ್ನು ತಿಳಿಸುತ್ತದೆ. ಯಾವ ಆಸ್ತಿಯನ್ನು ಕರಗಿಸಿ ಆ ವರಮಾನ ಬಂದಿತೆಂಬುದನ್ನು ತಿಳಿಸುವುದಿಲ್ಲ. ಕಾಡು ಕಡಿದು ಮರ ಮಾರಿದ ವರ್ಷ ಅಂಕಿ ಏರುತ್ತದೆ, ಕಾಡು ಇಲ್ಲವಾದುದು ಅಲ್ಲಿ ದಾಖಲಾಗದು. 1934ರಲ್ಲಿ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ವರಮಾನದ ಲೆಕ್ಕ ಒಪ್ಪಿಸಿದ ಸೈಮನ್ ಕುಜ್ನೆಟ್ಸ್ ಅವರೇ, ಇದರಿಂದ ಜನರ ಕ್ಷೇಮವನ್ನು ತಿಳಿಯುವುದು ಕಷ್ಟವೆಂದು ಎಚ್ಚರಿಸಿದ್ದರು.

ವಿಶ್ವಬ್ಯಾಂಕಿನ ‘ದ ಚೇಂಜಿಂಗ್ ವೆಲ್ತ್ ಆಫ್ ನೇಷನ್ಸ್ 2021’ ಎಂಬ ವರದಿ ಈ ಕೊರತೆಯನ್ನು ನೀಗಲು ಹೊರಟಿದೆ. 1995ರಿಂದ 2018ರವರೆಗಿನ ಅವಧಿಗೆ 146 ದೇಶಗಳ ಸಂಪತ್ತನ್ನು ಅದು ಎಣಿಸಿದೆ. ಕಟ್ಟಡ, ಯಂತ್ರಗಳ ಜೊತೆಗೆ ಅರಣ್ಯ, ಕೃಷಿಭೂಮಿ, ಖನಿಜ, ಕಾಂಡ್ಲಾವನ, ಮೀನಿನ ಸಂಪತ್ತು ಹಾಗೂ ಮನುಷ್ಯರ ದುಡಿಮೆಯ ಶಕ್ತಿಯೂ ಆ ಲೆಕ್ಕದಲ್ಲಿ ಸೇರಿವೆ. ಇದು ಸ್ವಾಗತಾರ್ಹ. ನೆಲದ ಒಡೆಯರು ಸರ್ವೇಶ್ವರರು ಎಂಬುದು ಯಾಜಕಕಾಂಡದ ಬೋಧನೆಯಾದರೆ, ಮನೆವಾರ್ತೆಯವನು ಫಸಲಿಗೆ ಮಾತ್ರವಲ್ಲ, ಹೊಲಕ್ಕೂ ಲೆಕ್ಕ ಕೊಡಬೇಕಾದವನು.

ನಮ್ಮ ಆಕ್ಷೇಪವಿರುವುದು ‘ಮಾನವ ಬಂಡವಾಳ’ದ ಬಗ್ಗೆ. ವರದಿಯ ಪ್ರಕಾರ 2018ರಲ್ಲಿ ಜಗತ್ತಿನ ಸಂಪತ್ತಿನ ಶೇಕಡ 64ರಷ್ಟು ಇದೇ ಆಗಿತ್ತು. ಜನರು ತಮ್ಮ ಉಳಿದ ದುಡಿಮೆಯ ವರ್ಷಗಳಲ್ಲಿ ಗಳಿಸಬಹುದಾದ ಆದಾಯದ ಇಂದಿನ ಮೌಲ್ಯವೇ ಇದರ ಅಳತೆ. ಈ ಅಳತೆಯಲ್ಲಿ ಮಹಿಳೆಯರ ಪಾಲು ಶೇಕಡ 40ಕ್ಕಿಂತ ಕಡಿಮೆ. ಅವರ ಸಾಮರ್ಥ್ಯ ಕುಂದಿದೆಯೆಂದಲ್ಲ. ಅವರಿಗೆ ಸಿಗುವ ಕೂಲಿ ಕಡಿಮೆ, ಸಂಬಳವಿಲ್ಲದ ಮನೆಗೆಲಸಕ್ಕೆ ಇಲ್ಲಿ ಎಣಿಕೆಯಿಲ್ಲ. ಹೀಗೆ ಮಾರುಕಟ್ಟೆಯ ಅನ್ಯಾಯವೇ ಸಂಪತ್ತಿನ ಪುಸ್ತಕದಲ್ಲಿ ಬೆಲೆಯಾಗಿ ಬರೆಯಲ್ಪಡುತ್ತದೆ. ಹಾಸಿಗೆ ಹಿಡಿದ ಮಗನನ್ನು ಹಗಲಿರುಳು ಸಲಹುವ ತಾಯಿಗಾಗಲಿ ಆ ಮಗನಿಗಾಗಲಿ ಅಲ್ಲಿ ಸ್ಥಾನವಿಲ್ಲ.

ಇದು ಉತ್ಪಾದನಾಶಕ್ತಿಯ ಅಳತೆಯೇ ಹೊರತು ವ್ಯಕ್ತಿಯ ಘನತೆಯದಲ್ಲ ಎಂದು ಅರ್ಥಶಾಸ್ತ್ರಜ್ಞರು ಹೇಳಬಹುದು. ಉತ್ತರ ಪ್ರಾಮಾಣಿಕವಾದುದೇ, ಆದರೆ ಸಾಲದು. ಲೆಕ್ಕದ ಪುಸ್ತಕ ನೋಡಿಯೇ ಹಣ ಹಂಚುವ ಸರ್ಕಾರಕ್ಕೆ ವೃದ್ಧರ ಆರೈಕೆ ಬರಿಯ ಖರ್ಚಾಗಿ ಕಂಡೀತು. ದುಡಿಮೆಗೆ ಬೆಲೆ ಬರುವುದು ದುಡಿಯುವ ವ್ಯಕ್ತಿಯಿಂದ ಎಂದು ಎರಡನೆಯ ಜಾನ್ ಪೌಲರು 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ ಬೋಧಿಸಿದರು. ಇಲ್ಲಿ ಆ ಕ್ರಮ ತಲೆಕೆಳಗಾಗಿದೆ.

ಸಂಖ್ಯಾಕಾಂಡದಲ್ಲಿ ಜನಗಣತಿಗೆ ದೇವರೇ ಆಜ್ಞಾಪಿಸುತ್ತಾರೆ. ಸಮುವೇಲನ ಎರಡನೆಯ ಗ್ರಂಥದ ಕೊನೆಯಲ್ಲಿ ದಾವೀದನ ಗಣತಿ ಪಾಪವೆನಿಸುತ್ತದೆ. ಎಣಿಕೆ ತಾನಾಗಿ ತಪ್ಪಲ್ಲ. ದೇವರ ಜನರನ್ನು ತನ್ನ ಬಲವೆಂದು ಎಣಿಸುವುದು ತಪ್ಪು. ಆದುದರಿಂದ ಅರಣ್ಯ, ಸಮುದ್ರಗಳ ಲೆಕ್ಕವನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಮಾನವ ಬಂಡವಾಳವೆಂಬುದನ್ನು ಮಾತ್ರ ‘ನಿರೀಕ್ಷಿತ ಕೂಲಿ’ ಎಂಬ ಅದರ ನಿಜನಾಮದಿಂದಲೇ ಕರೆಯೋಣ.

ಈ ಮಾತು ನಮಗೂ ತಗಲುತ್ತದೆ. ನಮ್ಮ ಧರ್ಮಕೇಂದ್ರಗಳ ವಾರ್ಷಿಕ ವರದಿಗಳಲ್ಲಿ ಕಟ್ಟಡ, ಕಾಣಿಕೆಗಳ ವಿವರ ತಪ್ಪದೆ ಇರುತ್ತದೆ. ಆ ತಾಯಿಯ ಮನೆಗೆ ಆ ವರ್ಷ ಯಾರಾದರೂ ಹೋಗಿದ್ದರೇ ಎಂಬುದಕ್ಕೆ ಅಲ್ಲಿಯೂ ಅಂಕಣವಿಲ್ಲ.