ತೆರೆಯ ಮೇಲಿನ ಜೋಗಪ್ಪ, ಅಂಗಡಿಯ ಬಾಗಿಲಿನ ಜೋಗಪ್ಪ

ಗಡಿಭಾಗದ ಸದಲಗಾದಲ್ಲಿ ವಾಸಿಸುವ ನಮಗೆ ಕನ್ನಡದಷ್ಟೇ ಮರಾಠಿ ಚಿತ್ರಗಳೂ ಪರಿಚಿತ. ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರೂ ಅಪರಿಚಿತರಲ್ಲ. ಸೀರೆಯುಟ್ಟು, ಚೌಡಿಕೆ ನುಡಿಸುತ್ತ ಅಂಗಡಿಗೆ ಬರುವ ಅವರ ಕೈಗೆ ನಾಣ್ಯವೊಂದನ್ನು ಹಾಕಿ ಬೇಗ ಸಾಗಹಾಕಿ, ಅವರು ಮರೆಯಾದೊಡನೆ ಗಿರಾಕಿಗಳೊಂದಿಗೆ ನಕ್ಕವರಲ್ಲಿ ಈ ಲೇಖಕನೂ ಒಬ್ಬ.

ಆ ನಗೆಗೆ ಚಲನಚಿತ್ರಗಳೂ ನೀರೆರೆದಿವೆ. ಇಂಥವರೆಂದರೆ ನಗಿಸುವ ಪಾತ್ರ, ಇಲ್ಲವೆ 1991ರ ಹಿಂದಿಯ 'ಸಡಕ್' ಚಿತ್ರದ ಮಹಾರಾಣಿಯಂತೆ ಹೆದರಿಸುವ ಖಳಪಾತ್ರ ಎಂಬ ರೂಢಿಯೇ ಬಹುಕಾಲ ನಡೆಯಿತು.

2009ರಲ್ಲಿ ತೆರೆಕಂಡ ರಾಜೀವ ಪಾಟೀಲರ 'ಜೋಗವಾ' ಈ ರೂಢಿಯನ್ನು ಮುರಿಯಿತು. ದೇವಿಯ ಹೆಸರಿನಲ್ಲಿ ಬಲವಂತವಾಗಿ ಸೀರೆ ಉಡಿಸಲ್ಪಟ್ಟ ತಾಯಪ್ಪನ ಸಂಕಟವನ್ನು ಉಪೇಂದ್ರ ಲಿಮಯೆ ಮನಮುಟ್ಟುವಂತೆ ಅಭಿನಯಿಸಿದರು. ಆದರೆ ಇಲ್ಲೊಂದು ಕೊರತೆಯಿದೆ. ತಾಯಪ್ಪ ಒಳಗೆ ಗಂಡಸೇ ಆದ್ದರಿಂದ ಪ್ರೇಕ್ಷಕನ ಕರುಣೆ ಸುಲಭವಾಗಿ ಹರಿಯುತ್ತದೆ. ಯಾರ ಬಲವಂತವೂ ಇಲ್ಲದೆ, ಅಂತರಂಗದಲ್ಲಿಯೇ ತನ್ನನ್ನು ಹೆಣ್ಣೆಂದು ಅರಿತವರ ಗತಿಯೇನು? ಈ ಪ್ರಶ್ನೆಯನ್ನು ಎತ್ತಿಕೊಂಡದ್ದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥನವನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ... ಅವಳು' (2015). ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರ ಕನಿಕರವನ್ನು ಬೇಡುವುದಿಲ್ಲ, ಮನ್ನಣೆಯನ್ನು ಕೇಳುತ್ತದೆ.

ನಮ್ಮ ಆಗಮಕ್ಕೆ ಇದು ಹೊಸ ವಿಷಯವಲ್ಲ. ದ್ರವ್ಯವೇದ ಹಾಗೂ ಭಾವವೇದಗಳು ಪ್ರಾಯಶಃ ಸಮಾನವಾಗಿದ್ದರೂ ಕೆಲವೆಡೆ ಭಿನ್ನವಾಗಿರುತ್ತವೆಂದು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು 'ಗೊಮ್ಮಟಸಾರ'ದಲ್ಲಿ ತಿಳಿಸಿದ್ದಾರೆ. ಒಂಬತ್ತು ನೋಕಷಾಯಗಳಲ್ಲಿ ಸ್ತ್ರೀ, ಪುರುಷ, ನಪುಂಸಕ ಎಂಬ ಮೂರು ವೇದಗಳೂ ಸೇರಿವೆ. ಮೂರೂ ಮೋಹನೀಯ ಕರ್ಮದ ಫಲಗಳೇ. ಅದೇ ಪಟ್ಟಿಯಲ್ಲಿ ಹಾಸ್ಯವೂ ಇದೆ, ಜುಗುಪ್ಸೆಯೂ ಇದೆ. ಅಂದಮೇಲೆ ಜೋಗಪ್ಪನನ್ನು ಕಂಡು ನಕ್ಕವನು, ಹೇಸಿದವನು ತನ್ನ ಕರ್ಮೋದಯವನ್ನೇ ಮೆರೆಯಿಸಿದಂತಾಯಿತಲ್ಲವೆ?

ಭೋಗದ ವೈಭವೀಕರಣವನ್ನು ಶ್ರಾವಕನು ಒಪ್ಪಲಾರ. ಬ್ರಹ್ಮಚರ್ಯಾಣುವ್ರತದ ಮಿತಿ ಎಲ್ಲರಿಗೂ ಒಂದೇ. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಹೇಸಿಗೆಯನ್ನು ಬಿಡದವನ ದರ್ಶನ ಅಷ್ಟರಮಟ್ಟಿಗೆ ಊನವೇ.

ಧರ್ಮಬಂಧುಗಳೇ, ಚಿತ್ರಮಂದಿರದಲ್ಲಿ ಕಣ್ಣೀರು ಸುರಿಸುವುದು ಸುಲಭ. ಬಸದಿಯ ಉತ್ಸವದ ಅನ್ನದಾನದಲ್ಲಿ ಇವರನ್ನು ಎಲ್ಲರೊಡನೆ ಅದೇ ಪಂಕ್ತಿಯಲ್ಲಿ ಕೂರಿಸಲು ನಮ್ಮ ಟ್ರಸ್ಟುಗಳು ಸಿದ್ಧವಿವೆಯೆ? ಅಂಗಡಿಗೆ ಬಂದವರ ಹೆಸರನ್ನು ಕೇಳುವುದರಿಂದ ನಾನು ಆರಂಭಿಸಿದ್ದೇನೆ.